ಅಪ್ಪ ರಿಪೇರಿ ಮಾಡಿದ ಕರೆಂಟ್ ಒಲೆ

ನಾನು ಚಿಕ್ಕವನಿದ್ದಾಗ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ, ಬೇಕಾದರೆ ನಿಮ್ಮ ಅಜ್ಜಿಯನ್ನು ಕೇಳಿ. ಬೇರೆ ಕೋಪಗಳೆಲ್ಲ ಊಟದ ಹೊತ್ತಿಗೆ ಇಳಿದುಹೋಗುತ್ತಿದ್ದವು. ಆ ಒಂದು ಸಂಜೆಯದು ಮಾತ್ರ ಇಷ್ಟು ವರ್ಷವಾದರೂ ಇಳಿದಿಲ್ಲ.

ಆಗ ನಾವು ಬನಶಂಕರಿಯ ಒಂದು ವಠಾರದಲ್ಲಿದ್ದೆವು. ನಾಲ್ಕು ಮನೆ, ಒಂದು ನಲ್ಲಿ, ಎಲ್ಲರಿಗೂ ಸೇರಿ ಒಂದೇ ಮೇನ್ ಫ್ಯೂಸ್. ಓನರ್ ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದವರು. ಹೊಲವೆಲ್ಲ ಸೈಟುಗಳಾದ ಮೇಲೆ ಈ ಮನೆಗಳನ್ನು ಕಟ್ಟಿಸಿದ್ದರು. ಕರೆಂಟ್ ಒಲೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಬಿಳಿ ಪಿಂಗಾಣಿಯ ಬಿಲ್ಲೆ, ಅದರ ಚಡಿಯೊಳಗೆ ಸ್ಪ್ರಿಂಗಿನ ಹಾಗೆ ಸುತ್ತಿದ ಕಾಯಿಲ್. ಸ್ವಿಚ್ ಹಾಕಿದರೆ ಕಾಯಿಲ್ ಕೆಂಪಗಾಗಿ, ಸುಟ್ಟ ಧೂಳಿನ ವಾಸನೆ ಮನೆಯೆಲ್ಲ ತುಂಬುತ್ತಿತ್ತು.

ಉಕ್ಕಿದ ಹಾಲು ಬಿದ್ದು ಬಿದ್ದು ಕಾಯಿಲ್ ಆಗಾಗ ತುಂಡಾಗುತ್ತಿತ್ತು. ಹೊಸದು ತರುವುದು ಅಪ್ಪನ ಜಾಯಮಾನದಲ್ಲೇ ಇರಲಿಲ್ಲ. ಸುಟ್ಟ ಭಾಗವನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಎಳೆದು, ತುದಿಗೆ ತುದಿ ಹೆಣೆದು ಕೂರಿಸುತ್ತಿದ್ದರು. ಹೀಗೆ ಮಾಡಿ ಮಾಡಿ ತಂತಿ ಅರ್ಧಕ್ಕೆ ಇಳಿದಿತ್ತು. "ನೋಡ್ರೋ, ಮೊದಲಿಗಿಂತ ಎಷ್ಟು ಬೇಗ ಕುದಿಯುತ್ತೆ! ಕಂಪನಿಯವನಿಗಿಂತ ನನ್ನ ಕೈಯೇ ವಾಸಿ" ಎಂದು ಜಂಬ ಬೇರೆ.

ಕೊನೆಯ ರಿಪೇರಿ ಆದಮೇಲೆ ಫ್ಯೂಸ್ ಹೋಗಲು ಶುರುವಾಯಿತು. ಆ ಸಂಜೆಯೂ ಕಾಫಿಗೆ ನೀರಿಟ್ಟ ಸ್ವಲ್ಪ ಹೊತ್ತಿಗೆ ವಠಾರವೆಲ್ಲ ಕತ್ತಲಾಯಿತು. ಮಾರನೆಯ ಬೆಳಿಗ್ಗೆ ಅಕ್ಕನಿಗೆ ಪಿಯುಸಿಯ ಫಿಸಿಕ್ಸ್ ಪರೀಕ್ಷೆ. ಫೇಲಾದರೆ ಓದು ಅಲ್ಲಿಗೇ ಮುಗಿಯಿತು ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ಪಾಪ, ಅವಳು ಮೂಲೆಯಲ್ಲಿ ಟೇಬಲ್ ಲ್ಯಾಂಪಿನ ಮುಂದೆ ಓದುತ್ತಾ ಕೂತಿದ್ದಳು.

ಓನರ್ ಟಾರ್ಚ್ ಹಿಡಿದು ಅಂಗಳದಿಂದಲೇ ಕೂಗಿದರು. "ಏನ್ ಸಾಮೀ, ದಿನಾ ಇದೇ ಗೋಳಾಯ್ತಲ್ಲ! ನಿಮ್ ಹುಡ್ಗಿ ಯಾವಾಗ್ ನೋಡಿದ್ರೂ ದೀಪ ಉರಿಸ್ಕಂಡ್ ಕೂತಿರ್ತಾಳೆ. ಫ್ಯೂಸ್ ಹೋಗ್ದೆ ಇನ್ನೇನಾಯ್ತದೆ?"

ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ಅಪ್ಪನಿಗೆ ಅವಮಾನವಾಯಿತು. ಅಷ್ಟು ಜನರೆದುರು ಅಕ್ಕನನ್ನು ಬಾಯಿಗೆ ಬಂದಂತೆ ಬೈದು, ಲ್ಯಾಂಪಿನ ಬಲ್ಬು ಕಿತ್ತು ಕೈಯಲ್ಲಿ ಹಿಡಿದುಕೊಂಡರು. "ಅಕ್ಕ ಏನೂ ಮಾಡಿಲ್ಲ!" ಎಂದು ನಾನು ಕಿರುಚಿದೆ. ಬೆನ್ನಿಗೊಂದು ಗುದ್ದು ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

ಅಕ್ಕ ಅಳಲಿಲ್ಲ. ಮೇಣದಬತ್ತಿ ಹಚ್ಚಿ ಒಲೆಯ ಪಕ್ಕ ಕೂತಳು. ಅದರ ತಗಡಿನ ಮೇಲೆ 230 ವೋಲ್ಟ್, 4 ಆಂಪಿಯರ್ ಎಂದು ಅಚ್ಚಾಗಿತ್ತು. ಸೀಮೆಸುಣ್ಣದಿಂದ ಕೆಂಪು ನೆಲದ ಮೇಲೆ ಲೆಕ್ಕ ಬರೆದಳು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಐವತ್ತೇಳೂವರೆ ಓಮ್. ಹೊಸ ಕಾಯಿಲ್ ಕರೆಂಟಿಗೆ ಒಡ್ಡುವ ತಡೆ ಅದು. ಎರಡನ್ನೂ ಗುಣಿಸಿದರೆ ಒಂಬೈನೂರ ಇಪ್ಪತ್ತು ವಾಟ್. ಅದು ಒಲೆಯ ಸಾಮರ್ಥ್ಯ.

"ಈಗ ತಂತಿ ಅರ್ಧ ಇದೆ, ತಡೆಯೂ ಅರ್ಧ. ಅಂದ್ರೆ ಕರೆಂಟು ಡಬಲ್, ಎಂಟು ಆಂಪಿಯರ್. ನಮ್ಮ ಫ್ಯೂಸ್ ತಂತಿಗೆ ಅಷ್ಟು ತಾಳೋ ಶಕ್ತಿ ಇಲ್ಲ. ನನ್ನ ಲ್ಯಾಂಪ್ ತಗೊಳ್ಳೋದು ಬರೀ ಕಾಲು ಆಂಪಿಯರ್ ಅಪ್ಪ."

"ತಂತಿ ಚಿಕ್ಕದಾದ್ರೆ ಕರೆಂಟು ಕಮ್ಮಿ ತಾನೇ ತಗೊಳ್ಳೋದು? ನನಗೇ ಪಾಠ ಹೇಳ್ತೀಯಾ?"

"ನೀವೇ ಹೇಳ್ತಿದ್ರಲ್ಲಪ್ಪ, ಮೊದಲಿಗಿಂತ ಬೇಗ ಕುದಿಯುತ್ತೆ ಅಂತ. ಆ ಜಾಸ್ತಿ ಶಾಖ ಎಲ್ಲಿಂದ ಬಂತು?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಓನರ್, "ಹಾಕ್ ನೋಡಾನ ಬಿಡಿ ಸಾಮೀ" ಎಂದು ಒಲೆ ಆರಿಸಿ, ಹೋಗಿ ಹೊಸ ಫ್ಯೂಸ್ ತಂತಿ ಕಟ್ಟಿ ಬಂದರು. ಅಪ್ಪನ ಕೈಯಲ್ಲಿದ್ದ ಬಲ್ಬು ಸಿಕ್ಕಿಸಿ ಲ್ಯಾಂಪ್ ಹಾಕಿದರು. ಅದು ಸುಮ್ಮನೆ ಉರಿಯಿತು. ಆಮೇಲೆ ಒಲೆಯ ಸ್ವಿಚ್ ಹಾಕಿದರು. ಕಾಯಿಲ್ ಕೆಂಪೇರಿದ್ದೇ ತಡ, ಟಪ್ ಎಂದು ಮತ್ತೆ ಎಲ್ಲ ಕತ್ತಲು.

ಓನರ್ ಗೊಣಗುತ್ತಾ ಒಲೆ ಆರಿಸಿ ಮತ್ತೊಂದು ತಂತಿ ಕಟ್ಟಿದರು. ಅಪ್ಪ ಒಲೆಯ ಪ್ಲಗ್ ಕಿತ್ತು, "ಓದ್ಕೋ ಹೋಗು" ಎಂದು ಗೋಡೆ ನೋಡುತ್ತಾ ಹೇಳಿದರು. ಅಷ್ಟೇ. ಅಕ್ಕ ಓದಿದಳು, ಪಾಸೂ ಆದಳು. ಆದರೆ ಬೈದದ್ದು ವಠಾರಕ್ಕೆಲ್ಲ ಕೇಳುವಂತೆ, ಸೋತದ್ದು ಯಾರಿಗೂ ಕೇಳದಂತೆ. ಫ್ಯೂಸ್ ಸುಟ್ಟ ಹುಡುಗಿ ಎಂದು ಪಕ್ಕದ ಮನೆಯವರು ಅವಳ ಮದುವೆಯ ದಿನವೂ ನಗಾಡಿದರು. ಅಪ್ಪ ಆಗಲೂ ತುಟಿ ಬಿಚ್ಚಲಿಲ್ಲ. ಅದಕ್ಕೇ ನನಗೆ ಕೋಪ.

ನಿಮ್ಮ ಕಾಲದಲ್ಲಿ ಫ್ಯೂಸ್ ತಂತಿ ಕಟ್ಟುವ ರಗಳೆ ಇಲ್ಲ. ಜೆಪಿ ನಗರದ ಈ ಫ್ಲ್ಯಾಟಿನಲ್ಲಿ ಪುಟ್ಟ ಸ್ವಿಚ್ಚೊಂದು ಕೆಳಗೆ ಬೀಳುತ್ತದೆ, ಎತ್ತಿದರೆ ಮುಗಿಯಿತು. ತಂತಿ, ಟಾರ್ಚ್, ಮೇಣದಬತ್ತಿ ಏನೂ ಬೇಡ. ಆದರೂ ಹೋದ ಭಾನುವಾರ ಕರೆಂಟು ಹೋದಾಗ ನಿಮ್ಮಪ್ಪ ಮಾಡಿದ್ದೇನು? ಗೀಸರು, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಮೂರನ್ನೂ ಒಟ್ಟಿಗೆ ಹಾಕಿದ್ದು ಅವನು. ಎಲ್ಲರೆದುರು ಬೈದದ್ದು ಮಾತ್ರ ಲ್ಯಾಪ್‌ಟಾಪ್ ಚಾರ್ಜಿಗಿಟ್ಟ ನಿನ್ನನ್ನು, ಪುಟ್ಟೀ.

ಅಷ್ಟು ಸಣ್ಣ ವಿಷಯಕ್ಕೆ ತಾತ ಯಾಕೆ ಹಾಗೆ ಕೂಗಾಡಿದರು, ಅಷ್ಟು ದೊಡ್ಡ ಮಗನನ್ನು ನಡುಮನೆಯಲ್ಲಿ ನಿಲ್ಲಿಸಿ "ತಪ್ಪು ನಂದು, ಅವಳದ್ದಲ್ಲ" ಎಂದು ಗಟ್ಟಿಯಾಗಿ ಯಾಕೆ ಹೇಳಿಸಿದರು ಎಂದು ನೀವು ಕೇಳಿದಿರಲ್ಲ, ಇದಕ್ಕೇ. ಪಕ್ಕದ ಫ್ಲ್ಯಾಟಿನವರಿಗೂ ಕೇಳಿಸಲಿ ಎಂದೇ ಬಾಗಿಲು ತೆರೆದಿಟ್ಟಿದ್ದೆ.