ಸೂಜಿಯೂರಿನ ಚಪ್ಪಲಿ

ಮಧ್ಯಾಹ್ನ ಮೂರು ಗಂಟೆ ಐವತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಪೋರ್ಚುಗಲ್ ದೇಶದ ಒಂದು ಗುಡ್ಡದ ಊರಿನಲ್ಲಿ, ಬಾಡಿಗೆಗೆ ಹಿಡಿದ ಕೋಣೆಯ ಮಂಚದ ಮೇಲೆ ಕಾಲು ಚಾಚಿಕೊಂಡು, ಈಗ ಕುಶಾಲನಗರದಲ್ಲಿ ಗಂಟೆ ಎಷ್ಟಿರಬಹುದು ಎಂದು ನಾನು ಮೊಬೈಲ್ ನೋಡಿದೆ. ಅಲ್ಲಿ ಎಂಟೂ ಇಪ್ಪತ್ತು, ಅಮ್ಮ ಊಟಕ್ಕೆ ಕರೆಯುವ ಹೊತ್ತು ಎಂದುಕೊಳ್ಳುವಷ್ಟರಲ್ಲಿ ಸೈರನ್ ಕೂಗಿತು.

ಮೊನ್ನೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ನೆಗಡಿಯಾಗಿದ್ದ ಸಹೋದ್ಯೋಗಿಯೊಬ್ಬರು ಕರವಸ್ತ್ರಕ್ಕೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿಕೊಂಡರು. ತಿದ್ದುತ್ತಿದ್ದ ಉತ್ತರಪತ್ರಿಕೆಯನ್ನು ಹಾಗೇ ಬಿಟ್ಟು ನಾನು ಕಾರಿಡಾರಿಗೆ ಬಂದು ನಿಂತೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಕಾಲು. ನನಗೆ ಮಾತ್ರ ಮೂರು ಐವತ್ತು. “ಏನ್ ಮೇಡಂ, ನಿಮ್ಗೂ ನೆಗಡಿನಾ? ಕಣ್ಣಲ್ಲಿ ನೀರು ಬರ್ತಿದೆ” ಎಂದರು ಅವರು. ಹೌದು ಎಂದೆ. ನಿಮಗಾದರೆ ನಿಜ ಹೇಳಬಹುದು.

ಆ ಕೋಣೆಯಲ್ಲಿ ನನ್ನ ಜೊತೆಗಿದ್ದವರು ಪುಟ್ಟತ್ತೆ, ನಮ್ಮಪ್ಪನ ತಂಗಿ. ನಮ್ಮದು ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಬೇಸಾಯದ ಮನೆ. ಎಲ್ಲರೂ ಗದ್ದೆಗೆ ಇಳಿದರೆ ಪುಟ್ಟತ್ತೆ ನರ್ಸ್ ತರಬೇತಿಗೆ ಹೋದರು. ಹುದಿಕೇರಿ ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ಹಾಕಿದರು. ಮದುವೆಯ ಮಾತು ಬಂದಾಗಲೆಲ್ಲ “ಮುಂದಿನ ತಿಂಗ್ಳು ಪೋಲಿಯೋ ಇದೆ” ಎನ್ನುತ್ತಿದ್ದರಂತೆ. ನಿವೃತ್ತಿಯಾದ ಮೇಲೂ ಅಲ್ಲೇ ಉಳಿದರು. ಸುತ್ತಲ ಎಸ್ಟೇಟುಗಳ ಲೈನ್‌ಗಳಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಅವರ ಕೈಯ ಸೂಜಿ ತಿನ್ನದ ಮಗುವಿಲ್ಲ. ರಜೆಗೆ ಹೋಗಿ ತುಕ್ಕು ಮೊಳೆ ಮೆಟ್ಟಿದ್ದಕ್ಕೆ ನಾನೂ ತಿಂದಿದ್ದೇನೆ.

ಆ ಕೇಂದ್ರದ ಗೋಡೆಯಲ್ಲೊಂದು ಕ್ಯಾಲೆಂಡರ್ ಇತ್ತು. ತಾರೀಖಿನ ಹಾಳೆಗಳೆಲ್ಲ ಹರಿದುಹೋಗಿ ಚಿತ್ರ ಮಾತ್ರ ಉಳಿದದ್ದು. ಒಂದು ಹೊಳೆ, ಮೂರು ಕಮಾನಿನ ಕಲ್ಲಿನ ಸೇತುವೆ, ಆಚೆ ದಡದ ಗುಡ್ಡಕ್ಕೆ ಒಂದರ ಹೆಗಲ ಮೇಲೊಂದು ಹತ್ತಿದ ಬಿಳಿ ಮನೆಗಳು, ಕೆಂಪು ಹೆಂಚು, ತುದಿಯಲ್ಲಿ ಚರ್ಚು. ಮಗು ಅಳತೊಡಗಿದರೆ ಪುಟ್ಟತ್ತೆ, “ಅಲ್ನೋಡು, ಆ ಊರಲ್ಲಿ ಎಷ್ಟು ಮನೆ ಅವೆ, ಎಣ್ಸು” ಎನ್ನುತ್ತಿದ್ದರು. ಏಳನೆಯ ಮನೆಯ ಹೊತ್ತಿಗೆ ಸೂಜಿ ಇಳಿದಿರುತ್ತಿತ್ತು. ಕನ್ನಡ, ಮಲಯಾಳ, ತಮಿಳು, ಅರೆಭಾಷೆ, ಯಾವ ಮನೆಯ ಮಗುವಾದರೂ ಲೆಕ್ಕ ಏಳಕ್ಕೇ ನಿಲ್ಲುತ್ತಿತ್ತು. ಮಕ್ಕಳ ಬಾಯಲ್ಲಿ ಅದು ಸೂಜಿಯೂರು.

“ಎಲ್ಲ ಮಕ್ಳೂ ಏಳೇ ಮನೆ ನೋಡಿರೋದು. ಉಳಿದಿದ್ದು ನಾನು ಎಣಿಸ್ಬೇಕು ಕಣೆ” ಎಂದು ಅತ್ತೆ ಒಂದು ದಿನ ಹೇಳಿದರು. ನಾನು ಭೂಗೋಳ ಪಾಠ ಹೇಳುವವಳು. ಚಿತ್ರದ ಅಂಚಿನ ಸಣ್ಣ ಅಕ್ಷರಗಳನ್ನು ಕನ್ನಡಕ ತೆಗೆದು, ಹಾಕಿ ಪರೀಕ್ಷಿಸಿ, ಪೋರ್ಚುಗಲ್ ಎಂದು ಪತ್ತೆ ಹಚ್ಚಿದೆ. ಊರಿನ ಹೆಸರು ಗೆದ್ದಲು ತಿಂದಿತ್ತು. ದೇಶ ಸಿಕ್ಕಿದ ಮೇಲೆ ಊರು ಎಲ್ಲಿ ಹೋಗುತ್ತದೆ ಎಂದು ನಾವಿಬ್ಬರೂ ಹೊರಟೇಬಿಟ್ಟೆವು.

ಲಿಸ್ಬನ್ನಿನಲ್ಲಿ ಹಳದಿ ಟ್ರಾಮುಗಳು ಏದುಸಿರು ಬಿಡುತ್ತಾ ಏರು ಹತ್ತುತ್ತಿದ್ದವು. ಮನೆಗಳ ಗೋಡೆಗೆ ಹೂಬಳ್ಳಿ ಬಿಡಿಸಿದ ನೀಲಿ ಟೈಲ್ಸು. “ನಮ್ಮಲ್ಲಿ ಬಚ್ಚಲಿಗೆ ಹಾಕೋದನ್ನ ಇವ್ರು ಬೀದಿಗೆ ಹಾಕವ್ರೆ” ಎಂದರು ಅತ್ತೆ. ಮಾರುಕಟ್ಟೆಯಲ್ಲಿ ಹಲಗೆಯಂಥ ಒಣಮೀನು ಮೂಸಿ, ಕುಶಾಲನಗರದ ಸಂತೆ ನೆನೆದು ಅಲ್ಲೇ ನಿಂತುಬಿಟ್ಟರು. ಪೋರ್ಟೋದಲ್ಲಿ ಹೊಳೆಯೂ ಇತ್ತು, ಸೇತುವೆಯೂ ಇತ್ತು. ಆದರೆ ಸೇತುವೆ ಕಬ್ಬಿಣದ್ದು. “ಇದಲ್ಲ” ಎಂದರು. ಆಮೇಲೆ ಬಸ್ಸು ಹಿಡಿದು ಸಣ್ಣ ಊರುಗಳು. ಪ್ರತಿಯೊಂದರಲ್ಲೂ ಇಳಿದು, ಸೊಂಟಕ್ಕೆ ಕೈ ಕೊಟ್ಟು ನೋಡುವುದು, “ಇದಲ್ಲ” ಎನ್ನುವುದು. ಹೆಣ್ಣು ನೋಡಲು ಬಂದ ಬೀಗರ ಹಾಗೆ. ಐದನೆಯ ಊರಿಗೆ ಬಂದಾಗ ಮಾತ್ರ ಸೇತುವೆಯ ಕಮಾನು ಎಣಿಸಿದರು. ಮೂರು ಕಮಾನು ಇತ್ತು. “ಇರಬಹುದು. ಆದ್ರೆ ಎಲ್ಲಾ ತಿರುಗಾಮುರುಗಾ ಕಾಣ್ತದೆ” ಎಂದರು.

ಅಲ್ಲಿ ಅಮೇಲಿಯಾ ಎಂಬ ಎಪ್ಪತ್ತರ ಹೆಂಗಸಿನ ಮನೆಯ ಹಿಂಬದಿಯ ಕೋಣೆ ಸಿಕ್ಕಿತು. ಅವರಿಗೆ ಕನ್ನಡ ಬಾರದು, ಅತ್ತೆಗೆ ಪೋರ್ಚುಗೀಸ್ ಬಾರದು. ಮೊದಲ ಸಂಜೆಯೇ ಇಬ್ಬರೂ ಅಡುಗೆಮನೆಯಲ್ಲಿ ಎರಡು ಗಂಟೆ ಮಾತಾಡಿದರು. ಅತ್ತೆ ಊರಿಂದ ತಂದ ಪುಡಿ, ಬೆಲ್ಲ ಹಾಕಿ ಕಪ್ಪು ಕಾಪಿ ಮಾಡಿಕೊಟ್ಟರು. ಅಮೇಲಿಯಾ ಮಂಡಿ ಹಿಡಿದುಕೊಂಡು ಎದ್ದದ್ದು ಕಂಡಿದ್ದೇ ಅತ್ತೆಯೊಳಗಿನ ನರ್ಸು ಎದ್ದಳು. ನೀಲಗಿರಿ ಎಣ್ಣೆಯ ಬಾಟಲಿ ಹೊರಬಿತ್ತು. ಎಣ್ಣೆ ತಿಕ್ಕುತ್ತಿದ್ದಂತೆ ಅಮೇಲಿಯಾ ಮೂಗರಳಿಸಿ, ಕಿಟಕಿಯಾಚೆಯ ಗುಡ್ಡ ತೋರಿಸಿದರು. ಗುಡ್ಡದ ತುಂಬ ನೀಲಗಿರಿ ಮರಗಳೇ. “ಅಯ್ಯೋ, ಔಷಧಿ ಮನೆ ಹಿಂದೇನೇ ಇಟ್ಕೊಂಡು ನರಳ್ತಾ ಕೂತಿದ್ಯಲ್ಲ ಮಾರಾಯ್ತಿ!” ಎಂದು ಅತ್ತೆ ನಕ್ಕರು. ಅವರೂ ನಕ್ಕರು. ಯಾವುದಕ್ಕೆ ನಕ್ಕರೋ.

ಒಂದೇ ಒಂದು ವಿಷಯದಲ್ಲಿ ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ಚಪ್ಪಲಿ. ನಾವು ಬೀದಿಬಾಗಿಲ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರೆ, ಮರೆತಿದ್ದಾರೆಂದು ಅಮೇಲಿಯಾ ಎತ್ತಿ ತಂದು ನಮ್ಮ ಮಂಚದ ಹತ್ತಿರ ಜೋಡಿಸಿಡುವರು. ಅತ್ತೆ ಹೌಹಾರಿ ಹೊರಗಿಟ್ಟು ಬರುವರು. ಅವರು ಮತ್ತೆ ತರುವರು. ಮೂರು ದಿನ ಈ ಮೂಕಯುದ್ಧ ನಡೆಯಿತು. ನಾಲ್ಕನೆಯ ದಿನ ಅಮೇಲಿಯಾ ಎರಡೂ ಕೈ ಮೇಲೆತ್ತಿ ಸೋಲೊಪ್ಪಿಕೊಂಡರು. ಆ ದಿನವೇ ಸೈರನ್ ಕೂಗಿದ್ದು.

ಈಗ ಒಂದು ಮಾತು ಹೇಳಲೇಬೇಕು. ನಮ್ಮ ಹುದಿಕೇರಿ ಕಡೆ ಸೈರನ್ ಕೇಳಿದರೆ ಮನುಷ್ಯ ಯೋಚಿಸುವುದಿಲ್ಲ. ಅರಣ್ಯ ಇಲಾಖೆಯವರ ಜೀಪು ಕೂಗಿಸಿಕೊಂಡು ಹೋಯಿತೆಂದರೆ ಆನೆ ತೋಟಕ್ಕೆ ಇಳಿದಿದೆ ಎಂದರ್ಥ. ಇದ್ದವರು ಇದ್ದಲ್ಲೇ ಒಳಗೆ. ಬಾಗಿಲಿಗೆ ಅಗುಳಿ, ದೀಪ ಬಂದ್, ಕಿಟಕಿ ಬಂದ್, ಬಾಯಿ ಬಂದ್. ಲೈನ್‌ಗಳಲ್ಲಿ ಎಷ್ಟೋ ಸಲ ಅತ್ತೆ ಹತ್ತು ಹದಿನೈದು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಾದಿದ್ದಾರೆ. ಹೆದರಿ ಹೊರಗೆ ಓಡಿ ಆನೆಗೆ ಸಿಕ್ಕ, ಕಾಫಿ ಕೊಯ್ಯುವ ಹೆಂಗಸೊಬ್ಬಳ ಮೈ ತೊಳೆದವರೂ ಅವರೇ. ಆ ಕಥೆ ನಮಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಹಾಗಾಗಿ ಸೈರನ್ ಕೂಗಿದ್ದೇ ನಮ್ಮ ಮೈಗಳು ತಾವಾಗಿ ಎದ್ದವು. ಅತ್ತೆ ಕಿಟಕಿಯ ಮರದ ಬಾಗಿಲು ಎಳೆದರು. ನಾನು ಚಿಲಕ ಹಾಕಿದೆ. ಮೊಬೈಲು ಅರಚಿಕೊಂಡು ಏನೋ ಉದ್ದದ ಸಂದೇಶ ತೋರಿಸಿತು. ಅದನ್ನು ಕನ್ನಡಕ್ಕೆ ತಿರುಗಿಸುವ ಆ್ಯಪು ಅದೇ ಮೊಬೈಲಿನಲ್ಲಿತ್ತು. ಚಿತ್ರದ ಅಂಚು ನೋಡಿ ದೇಶ ಪತ್ತೆ ಮಾಡಿದ್ದ ನಾನು, ಶಬ್ದವಾಗಬಾರದೆಂದು ಅದನ್ನು ಆಫ್ ಮಾಡಿದೆ. ಇಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕುಳಿತೆವು. ಬೀದಿಯಲ್ಲಿ ಜನ ಓಡುವುದು, ಗಾಡಿಗಳು ಹೊರಡುವುದು ಕೇಳುತ್ತಿತ್ತು. “ಹೋಗಿ ನೋಡ್ಲಾ?” ಎಂದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. “ಕೂತ್ಕೋ. ಓಡಿದವ್ರೇ ಸಿಗೋದು.”

ಪೋರ್ಚುಗಲ್ಲಿನಲ್ಲಿ ಆನೆ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ, ಆಮೇಲೆ, ನೂರು ಸಲ. ಆ ಹೊತ್ತಿನಲ್ಲಿ ಕೇಳಿಕೊಳ್ಳಲಿಲ್ಲ.

ಎಷ್ಟು ಹೊತ್ತು ಕುಳಿತಿದ್ದೆವೋ. ಬೀದಿ ನಿಶ್ಶಬ್ದವಾಯಿತು. “ಹೋಯ್ತು ಅನ್ಸುತ್ತೆ” ಎಂದರು ಅತ್ತೆ, ಆನೆಯ ಬಗ್ಗೆ ಹೇಳುವ ಹಾಗೆಯೇ. ಆಗ ಬಾಗಿಲ ಸಂದಿಯಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ಹಿತವಾದ ವಾಸನೆ. “ಅಮೇಲಿಯಾ ಮಂಡಿಗೆ ಹಚ್ಕೊಂತಾ ಅವ್ಳೆ” ಎಂದು ನಕ್ಕರು. ಮರುಗಳಿಗೆಯಲ್ಲಿ ನಗು ನಿಂತಿತು. ಕಿಟಕಿಯ ಸೀಳಿನಲ್ಲಿ ಬೆಳಕು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಗುಡ್ಡದಲ್ಲಿ ಎಣ್ಣೆಯ ಮರಗಳು ಒಂದೊಂದೇ ಸಿಡಿಯುವ ಸದ್ದು ಕೇಳಿತು. ಕೇಳಿದ ಮೇಲೂ, ದೇವರೇ, ನನ್ನ ತಲೆಗೆ ಮೊದಲು ಬಂದದ್ದು ಆನೆ ಓಡಿಸುವ ಪಟಾಕಿ.

ಚಿಲಕ ತೆಗೆಯಲು ಹೋದೆ, ಬರಲಿಲ್ಲ. ಕಬ್ಬಿಣ ಬಿಸಿಯಾಗಿತ್ತೋ, ನಾನೇ ತಪ್ಪು ಕಡೆಗೆ ಎಳೆಯುತ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಆಚೆಯಿಂದ ಯಾರೋ ಬಾಗಿಲಿಗೆ ಒದ್ದರು. ಒಂದು, ಎರಡು. ಮೂರನೆಯ ಒದೆತಕ್ಕೆ ಚಿಲಕ ಕಿತ್ತುಬಂತು. ಪಕ್ಕದ ಮನೆಯ ಗಡ್ಡದ ಗಂಡಸು. ಅವನ ಹಿಂದೆ ಕುಂಟುತ್ತಾ ಅಮೇಲಿಯಾ, ಮೂಗಿಗೆ ಒದ್ದೆ ಬಟ್ಟೆ, ಎದೆಗೆ ಅವುಚಿಕೊಂಡ ನಮ್ಮ ನಾಲ್ಕು ಚಪ್ಪಲಿ.

ನಡೆದದ್ದೇನೆಂದು ಆಮೇಲೆ ತಿಳಿಯಿತು. ಗುಡ್ಡದ ಕಾಡಿಗೆ ಬೆಂಕಿ ಬಿದ್ದಿತ್ತು, ಊರು ಬಿಟ್ಟು ಹೊರಡಿ ಎಂದು ಸೈರನ್ ಕೂಗಿತ್ತು. ನಾವು ದಿನಾ ಆ ಹೊತ್ತಿಗೆ ಹೊಳೆದಂಡೆಗೆ ಸುತ್ತಾಡಲು ಹೋಗುತ್ತಿದ್ದೆವು. ಕಿಟಕಿ ಮುಚ್ಚಿದ್ದು ನೋಡಿ, ಹೊರಗೆ ಹೋಗಿದ್ದಾರೆಂದುಕೊಂಡು ಅಮೇಲಿಯಾ ಗಾಬರಿಯಲ್ಲಿ ಮೆಟ್ಟಿಲನ್ನೂ ನೋಡದೆ ಪಕ್ಕದವನ ಪಿಕಪ್ ಹತ್ತಿದ್ದಾರೆ. ಗಾಡಿ ಬೀದಿ ತಿರುಗುವಾಗ ಹಿಂತಿರುಗಿ ಮನೆಯನ್ನು ಕಡೆಯ ಸಲ ಎಂಬಂತೆ ನೋಡಿದ್ದಾರೆ. ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿ. ಚಪ್ಪಲಿ ಹೊರಗಿದ್ದರೆ ಕಾಲು ಒಳಗಿದೆ ಎಂದು ಮೂರು ದಿನದ ಜಗಳದಲ್ಲಿ ಕಲಿತಿದ್ದರಲ್ಲ. ಗಾಡಿ ನಿಲ್ಲಿಸಿ ಇಳಿದೇಬಿಟ್ಟರು, ಆ ಮಂಡಿಯಲ್ಲಿ.

ಪಿಕಪ್ಪಿನ ಹಿಂಬದಿಯಲ್ಲಿ ಮೂವರೂ ಒಂದು ಕಂಬಳಿ ಹೊದ್ದು ಕುಳಿತೆವು. ಕಣ್ಣು ಬಿಟ್ಟರೆ ಉರಿ, ಮುಚ್ಚಿದರೆ ಭಯ. ಗಾಡಿ ಸೇತುವೆ ದಾಟಿ ಆಚೆ ದಡದ ರಸ್ತೆಗೆ ಏರಿದಾಗ ಗಾಳಿ ತಿಳಿಯಾಯಿತು. ಅತ್ತೆ ಕಂಬಳಿ ಸರಿಸಿ ಹಿಂದೆ ನೋಡಿದರು. ಹೊಳೆ, ಮೂರು ಕಮಾನು, ಒಂದರ ಹೆಗಲ ಮೇಲೊಂದು ಬಿಳಿ ಮನೆ, ಕೆಂಪು ಹೆಂಚು, ತುದಿಯಲ್ಲಿ ಚರ್ಚು. ಅದರ ಹಿಂದೆ ಮಾತ್ರ ಚಿತ್ರದಲ್ಲಿಲ್ಲದ ಹೊಗೆ.

“ಇದೇ ಊರು” ಎಂದರು ಮೆಲ್ಲಗೆ. ಆಚೆ ದಡದಿಂದ ತೆಗೆದ ಚಿತ್ರ ಅದು. ನಾವು ನಾಲ್ಕು ದಿನ ಅದರೊಳಗೇ ಇದ್ದುಕೊಂಡು ಅದನ್ನು ಹುಡುಕಿದ್ದೆವು. ಅತ್ತೆಯ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು. ಏಳಕ್ಕೆ ಹೊಗೆ ಕವಿಯಿತು.

ಪಕ್ಕದ ಊರಿನ ಶಾಲೆಯ ಹಾಲಿನಲ್ಲಿ ಎರಡು ದಿನ ಕಳೆದೆವು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಅಮೇಲಿಯಾರ ಮನೆ ಉಳಿಯಿತು, ಹಿಂಬದಿಯ ಕೋಣೆಯೊಂದನ್ನು ಬಿಟ್ಟು. ನಾವು ಒರಗಿ ಕುಳಿತಿದ್ದ ಗೋಡೆಯ ಮೇಲೆ ಚಾವಣಿ ಬಿದ್ದಿತ್ತು. ಅದನ್ನು ತೋರಿಸುತ್ತಾ ಅವರು ನಮ್ಮಿಬ್ಬರ ಕೆನ್ನೆ ಮುಟ್ಟಿ ಮುಟ್ಟಿ ನೋಡಿದರು.

ಊರಿಗೆ ಬಂದ ಮೇಲೆ ನನ್ನ ನಿದ್ದೆ ಹೋಯಿತು. ಮಡಿಕೇರಿ ರಸ್ತೆಯಲ್ಲಿ ಆಂಬುಲೆನ್ಸ್ ಹೋದರೆ ಎದ್ದು ಕೂರುವೆ. ಪಕ್ಕದವರು ಕಸ ಸುಟ್ಟರೆ ಬಾಗಿಲು ತೆರೆದು ಬೀದಿಗೆ ಬರುವೆ. ಅಮ್ಮನಿಗೆ ಜೆಟ್‌ಲ್ಯಾಗ್ ಎಂದೆ. ತಿಂಗಳುಗಟ್ಟಲೆ ಇರುವ ಜೆಟ್‌ಲ್ಯಾಗನ್ನು ಅಮ್ಮ ನಂಬಿದಂತೆ ನಟಿಸಿದರು. ಅತ್ತೆಗೆ ಫೋನು ಮಾಡಿದಾಗಲೆಲ್ಲ ಹವಾಮಾನ, ಮೆಣಸು, ಅಮೇಲಿಯಾರ ಮಂಡಿಯ ಮಾತಾಡುವೆವು. ಆ ಕೋಣೆಯ ಮಾತು ಇಬ್ಬರೂ ಎತ್ತುವುದಿಲ್ಲ.

ಸ್ಟಾಫ್ ರೂಮಿನಿಂದ ಎದ್ದುಬಂದ ಆ ವಾರವೇ, ಶನಿವಾರ, ಹುದಿಕೇರಿಗೆ ಹೋದೆ. ಅತ್ತೆಯ ಕಣ್ಣ ಕೆಳಗೂ ನನ್ನ ಹಾಗೇ ಕಪ್ಪು. ಊಟವಾದ ಮೇಲೆ ತಟ್ಟೆ ತೊಳೆಯುತ್ತಾ, ಬೆನ್ನು ಹಾಕಿಕೊಂಡೇ ಹೇಳಿದರು: “ನೀನು ಹೋಗಿ ನೋಡ್ಲಾ ಅಂದೆ. ನಾನೇ ಕೈ ಹಿಡ್ದು ಕೂರಿಸ್ದೆ. ಕಣ್ಣು ಮುಚ್ಚಿದ್ರೆ ಅದೇ ಬರ್ತದೆ. ನಿಮ್ಮಪ್ಪಂಗೆ ಏನ್ ಹೇಳ್ತಿದ್ದೆ ನಾನು?”

“ಫೋನ್ ಹೇಳ್ತಾ ಇತ್ತು ಅತ್ತೆ. ಆಫ್ ಮಾಡಿದ್ದು ನಾನು.”

ಅತ್ತೆ ತಿರುಗಿದರು. “ಆಫ್ ಮಾಡಿದ್ಯಾ? ಬ್ಯಾಟ್ರಿ ಹೋಗಿತ್ತು ಅಂದಿದ್ದೆ!”

“ಸುಳ್ಳು ಹೇಳಿದ್ದೆ.”

“ಎಂಎ ಮಾಡಿದ ಕತ್ತೆ” ಎಂದರು. ಎಷ್ಟೋ ತಿಂಗಳ ಮೇಲೆ ಅತ್ತೆ ನನ್ನನ್ನು ಬೈದದ್ದು. ಇಬ್ಬರೂ ಅತ್ತೆವು, ನಕ್ಕೆವು, ಯಾವುದು ಮೊದಲೋ ನೆನಪಿಲ್ಲ.

ಆಮೇಲೆ ಪಕ್ಕಪಕ್ಕ ಹಾಸಿಗೆ ಹಾಸಿಕೊಂಡು, ಪಿಕಪ್ಪಿನ ಗಡ್ಡದವನು ಕಳಿಸಿದ್ದ ಫೋಟೋವನ್ನು ಮೊಬೈಲಿನಲ್ಲಿ ತೆರೆದೆ. ಆಚೆ ದಡದಿಂದ ತೆಗೆದ ಊರು. ಗುಡ್ಡ ಕಪ್ಪಾಗಿತ್ತು, ಮನೆಗಳು ಬೆಳ್ಳಗಿದ್ದವು. ಅತ್ತೆ ಬೆರಳಿಟ್ಟು ಎಣಿಸತೊಡಗಿದರು. ಏಳು ದಾಟಿತು. ಹತ್ತೊಂಬತ್ತನೆಯದು ಅಮೇಲಿಯಾರ ಮನೆ. ಇಪ್ಪತ್ತಮೂರರವರೆಗೆ ಕೇಳಿದ್ದು ನೆನಪಿದೆ.

“ಸಿಸ್ಟರೇ! ಸಿಸ್ಟರೇ!” ಎಂಬ ಕೂಗಿಗೆ ಎಚ್ಚರವಾಯಿತು. ಕಿಟಕಿಯಲ್ಲಿ ಬಿಸಿಲು. ಗಂಟೆ ಏಳೂ ಇಪ್ಪತ್ತು. ಅತ್ತೆಯೂ ಅದೇ ಆಗ ತಲೆಗೂದಲು ಕಟ್ಟಿಕೊಳ್ಳುತ್ತಾ ಎದ್ದರು. ಅಂಗಳದಲ್ಲಿ ಎಸ್ಟೇಟಿನ ರೈಟರ್, ಲೆಕ್ಕದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ.

“ಏನ್ ಸಿಸ್ಟರೇ ನೀವು! ರಾತ್ರಿಯೆಲ್ಲ ಸೈರನ್ನು, ಪಟಾಕಿ, ಲೈನಲ್ಲಿ ಒಬ್ರೂ ಮಲ್ಗಿಲ್ಲ. ನಿಮ್ಮ ಹಲಸಿನ ಮರ ನೋಡಿ, ಆನೆ ಒಂದು ಕಾಯೂ ಉಳಿಸಿಲ್ಲ. ನಿಮ್ಗೆ ಕೇಳ್ಲೇ ಇಲ್ವಾ?”

ಅತ್ತೆ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಒದ್ದೆ ಮಣ್ಣಿನಲ್ಲಿ ಊಟದ ತಟ್ಟೆಯಗಲದ ಹೆಜ್ಜೆಗಳು ಮೆಟ್ಟಿಲವರೆಗೆ ಬಂದು, ಪಕ್ಕಕ್ಕೆ ತಿರುಗಿ ಹೋಗಿದ್ದವು.

“ಊರಿಗೆ ಹೋಗಿದ್ದೀರೇನೋ ಅಂತ ವಾಪಸ್ ಹೊರಟಿದ್ದೆ,” ಎಂದ ರೈಟರ್, “ಚಪ್ಪಲಿ ಕಂಡ್ವು.”