ಕಣದಲ್ಲಿ ಹರವಿದ ಕ್ಯಾಸೆಟ್‌ಗಳು

ಕಾಫಿ ಬೀಜವನ್ನು ಹಲ್ಲಿಗೆ ಕೊಟ್ಟು, ಕಟ್ ಎನ್ನುವ ಸದ್ದಿನಲ್ಲೇ ಅದು ಎಷ್ಟು ಒಣಗಿದೆಯೆಂದು ಹೇಳುತ್ತಿದ್ದವರು ರುದ್ರಪ್ಪನವರು. ಸಕಲೇಶಪುರದ ಪೇಟೆಯಲ್ಲಿ ಮೂವತ್ತು ವರ್ಷ ಕಾಫಿ, ಮೆಣಸು ಕೊಂಡು ಮಾರಿದವರು. ಮಾತನಾಡುವಾಗಲೂ ಬಾಯಲ್ಲೊಂದು ಬೀಜ ಇರುತ್ತಿತ್ತು. ಹೆಂಡತಿ ಬೈದರೆ ದವಡೆಗೆ ಸರಿಸಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ನಡುವೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಟೇಪ್ ರೆಕಾರ್ಡರ್ ಹಿಡಿದು ಹೊರಟರು. ಯಸಳೂರು, ಬಿಸಿಲೆ, ಆಲೂರು ಕಡೆಯ ಮುದುಕಿಯರ ಬೀಸುವ ಪದ, ಸೋಬಾನೆ ಪದಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಬರುತ್ತಿದ್ದರು. ಹಾಡಿದವರಿಗೆ ವರ್ಷಕ್ಕೊಂದು ಸೀರೆ, ಕಾಯಿಲೆ ಬಿದ್ದರೆ ಔಷಧ. ಮನೆಯ ಪಕ್ಕದ, ಕಾಫಿ ಮೂಟೆ ಇಡುವ ಸ್ಟೋರನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಗೋಡೆಯುದ್ದಕ್ಕೂ ಹಲಗೆ ಬಡಿಸಿದರು. ಯಾರು ಬಂದು ಕೇಳಿದರೂ ಹಾಡು ಹಾಕಬೇಕು, ಕಾಫಿ ಕೊಡಬೇಕು. ನಾನು ಅಲ್ಲಿನ ಶಾಲೆಯಲ್ಲಿ ಟೀಚರ್; ಶಾಲೆ ಮುಗಿಸಿ ಹೋಗಿ, ಹಾಡಿದವರ ಹೆಸರು, ಊರು ಬರೆದಿಡುವುದು ನನ್ನ ಪಾಲಿನ ಕೆಲಸ.

"ಮುದ್ಕೀರ ಹಿಂದೆ ಅಲೆಯೋ ವಯಸ್ಸೇನ್ರೀ ಇದು?" ಎಂದು ಹೆಂಡತಿ ಕೇಳಿದರೆ, "ಹುಡ್ಗೀರ ಹಿಂದೆ ಹೋಗ್ಲಿಲ್ವಲ್ಲ, ಸಂತೋಷಪಡು ಮಾರಾಯ್ತಿ" ಎನ್ನುತ್ತಿದ್ದರು.

ಒಂದು ವರ್ಷ ದಸರಾ ಕಳೆದರೂ ಮಳೆ ಬಿಡಲಿಲ್ಲ. ಕ್ಯಾಸೆಟ್‌ಗಳ ಒಳಗೆಲ್ಲ ಬಿಳಿ ಬೂಷ್ಟು. ತೇವಕ್ಕೆ ರುದ್ರಪ್ಪನವರಿಗೆ ಗೊತ್ತಿದ್ದ ಮದ್ದು ಒಂದೇ. ಶಿವರಾತ್ರಿ ಹೊತ್ತಿಗೆ ಕಾಫಿ ಒಣಗಿಸುವ ಸಿಮೆಂಟ್ ಕಣ ಖಾಲಿಯಾದಾಗ ಅಷ್ಟನ್ನೂ ಉರಿಬಿಸಿಲಿನಲ್ಲಿ ಹರವಿದರು.

"ಮಧ್ಯಾಹ್ನಕ್ಕೊಂದ್ಸಲ ಮಗುಚ್ಬೇಕು ಟೀಚ್ರೇ. ಒಂದೇ ಮಗ್ಗುಲು ಕಾದ್ರೆ ಕೆಡ್ತೈತೆ."

ನಾನೂ ಸೆರಗು ಸಿಕ್ಕಿಸಿ ಮೂರು ದಿನ ಮಗುಚಿದೆ. ಬೂಷ್ಟೇನೋ ಹೋಯಿತು. ಒರೆಸಿ ಜೋಡಿಸಿಟ್ಟೆವು. ಒಂದನ್ನು ಹಾಕಿ ನೋಡೋಣವೆಂದು ಇಬ್ಬರಿಗೂ ತೋಚಲಿಲ್ಲ.

ಯುಗಾದಿ ಕಳೆದ ಮೇಲೆ ಯಸಳೂರಿನಿಂದ ದೇವಮ್ಮ ಬಂದಳು. ಚೆನ್ನಾಗಿ ಹಾಡುತ್ತಿದ್ದ ಅವಳ ತಾಯಿ ಪುಟ್ಟಜ್ಜಿ ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಕೇಳಿ ಕಲಿತು ಮಗಳ ಮದುವೆಯಲ್ಲಿ ಹೇಳಲು ಅವಳಿಗೆ ಅವ್ವನ ಸೋಬಾನೆ ಬೇಕಿತ್ತು. ಕಣದ ಬಿಸಿಲಿಗೆ ಬಾಗಿದ್ದ ಕ್ಯಾಸೆಟ್ ಯಂತ್ರದಲ್ಲಿ ಕೂರಲಿಲ್ಲ. ರುದ್ರಪ್ಪನವರು ಟೇಪನ್ನು ಬೇರೆ ಕ್ಯಾಸೆಟ್ಟಿಗೆ ಸುತ್ತಿ ಹಾಕಿದರು. ಗೊರಗೊರ ಸದ್ದು, ಎಳೆದೆಳೆದು ಬರುವ ಯಾರದೋ ದನಿ, ಆಮೇಲೆ ಟೇಪೇ ತುಂಡಾಯಿತು. ಇನ್ನೊಂದು ತೆಗೆದರು, ಮತ್ತೊಂದು. ಸಂಜೆಯವರೆಗೂ ಅದೇ.

"ನಿಂಗೆ ಎರಡು ಸಾಲಾದ್ರೂ ಬತ್ತದಾ ತಾಯಿ? ನೀನೇ ಹೇಳು, ತುಂಬ್ಕೊತೀನಿ" ಎಂದರು.

ದೇವಮ್ಮ ತಲೆಯಾಡಿಸಿದಳು. "ಕಲ್ತ್ಕೊಳ್ರೇ ಅಂತ ಅವ್ವ ಕರೀತಿತ್ತು ಸಾವ್ಕಾರ್ರೇ. ನಿಮ್ಮನೇಲಿ ಐತಲ್ಲ, ಯಾವಾಗ್ ಬೇಕಾದ್ರೂ ಕೇಳ್ಬೋದು ಅಂತ ನಾವೇ ಬುಟ್ಬುಟ್ವಿ."

ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಅದೇ ಹಾಡು ಬರುವ ಇನ್ನೊಬ್ಬ ಅಜ್ಜಿ ಬಿಸಿಲೆಯಲ್ಲಿದ್ದರು. ಬೇಡ ಬೇಡವೆಂದರೂ ರುದ್ರಪ್ಪನವರನ್ನು ಒಂದು ಭಾನುವಾರ ನಾನೇ ಹೊರಡಿಸಿದೆ. ಬಸ್ಸು ಬಂತು. ನಾನು ಹತ್ತಿ, ಸೀಟು ಹಿಡಿದು ಕರೆದೆ. ಅವರು ಟೇಪ್ ರೆಕಾರ್ಡರನ್ನು ಎದೆಗವಚಿಕೊಂಡು ಕೆಳಗೇ ನಿಂತಿದ್ದರು.

"ಆ ಮನೇಲಿ ಮೊಮ್ಮಕ್ಳು ಕಲೀತಾ ಇದ್ದಾವೋ ಏನೋ ಟೀಚ್ರೇ. ನಾನ್ ಹೋಗಿ ತುಂಬ್ಕೊಂಡ್ ಬಂದ್ರೆ ಅವೂ ಬುಟ್ಬುಡ್ತವೆ. ಇಳೀರಿ."

ಇಳಿದೆ. ಬಸ್ಸು ಹೋಯಿತು.

ಆ ಮಳೆಗಾಲದಲ್ಲಿ ರುದ್ರಪ್ಪನವರು ತೀರಿಕೊಂಡರು. ಬಿಸಿಲೆಯ ಅಜ್ಜಿ ಅವರಿಗಿಂತ ಹದಿನೈದು ದಿನ ಮುಂಚೆಯೇ ಹೋಗಿದ್ದರಂತೆ. ಆ ಮನೆಯಲ್ಲಿ ಯಾರಿಗಾದರೂ ಹಾಡು ಬರುತ್ತದೆಯೇ ಎಂದು ನಾನು ಇವತ್ತಿನವರೆಗೂ ವಿಚಾರಿಸಲು ಹೋಗಿಲ್ಲ.