ಹಳದಿ ಗೆರೆಯ ಸ್ಟೀರಿಂಗ್ ರ್ಯಾಕ್

2023ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಮೋಟಾರು ವಿಮಾ ಸರ್ವೇಯರ್ ಆಗಿದ್ದೆ. ಆ ಕೆಲಸಕ್ಕೆ ಇಳಿದು ಆಗಲೇ ಇಪ್ಪತ್ತಾರು ವರ್ಷವಾಗಿತ್ತು. ಅಪಘಾತವಾದ ಗಾಡಿಯನ್ನು ಗ್ಯಾರೇಜಿಗೆ ಹೋಗಿ ನೋಡುವುದು, ಯಾವ ಬಿಡಿಭಾಗ ಬದಲಿಸಬೇಕು, ಯಾವುದನ್ನು ತಟ್ಟಿ ನೆಟ್ಟಗೆ ಮಾಡಿದರೆ ಸಾಕು ಎಂದು ನಿರ್ಧರಿಸುವುದು, ವಿಮಾ ಕಂಪನಿ ಎಷ್ಟು ಹಣ ಕೊಡಬೇಕೆಂದು ವರದಿ ಬರೆಯುವುದು ನನ್ನ ಕೆಲಸ. ಸರಳವಾಗಿ ಹೇಳಬೇಕೆಂದರೆ ಸಂಶಯಪಡುವುದಕ್ಕೇ ನನಗೆ ಫೀಸು. ಬಂಪರ್ ಒಡೆದಿದೆ ಎಂದು ಗ್ಯಾರೇಜಿನವನು ಹೇಳಿದರೆ, ಈ ಅಪಘಾತದಲ್ಲಿ ಒಡೆದದ್ದೋ ಹೋದ ವರ್ಷ ಒಡೆದದ್ದೋ ಎಂದು ಕೇಳುತ್ತಿದ್ದೆ. ಕೊತ್ತಂಬರಿ ತಂದರೂ ರಸೀದಿ ಕೇಳುವ ಗಂಡಸು ಎಂದು ನನ್ನ ಹೆಂಡತಿ ಬೈರಿದೇವರಕೊಪ್ಪದ ನಮ್ಮ ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ನನಗೆ ಅದರಿಂದ ನಾಚಿಕೆಯೇನೂ ಆಗುತ್ತಿರಲಿಲ್ಲ, ಒಳಗೊಳಗೆ ಹೆಮ್ಮೆಯೇ ಇತ್ತು.

ಬಿಡಿಭಾಗಗಳ ಬೆಲೆ ಆನ್‌ಲೈನಿನಲ್ಲಿ ಸಿಗಲು ಶುರುವಾದ ಮೇಲೆ ನನಗೆ ಹಬ್ಬ. ಮೊದಲು ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟನ್ನು ಎರಡು ಅಂಗಡಿಗೆ ಫೋನ್ ಮಾಡಿ ತಾಳೆ ನೋಡಬೇಕಿತ್ತು. ಆ ಅಂಗಡಿಯವರೂ ಗ್ಯಾರೇಜಿನವರ ಗೆಳೆಯರೇ. ಈಗ ಮೊಬೈಲಿನಲ್ಲಿ ಪಾರ್ಟ್ ನಂಬರ್ ಹಾಕಿದರೆ ಹತ್ತು ಕಡೆಯ ಬೆಲೆ ಎದುರಿಗೆ ಬಂದು ನಿಲ್ಲುತ್ತದೆ. ಹೊಸದು, ಬೇರೆ ಕಂಪನಿ ತಯಾರಿಸಿದ್ದು, ಬಳಸಿದ್ದು, ಮೂರಕ್ಕೂ ಬೇರೆ ಬೇರೆ ಬೆಲೆ. ಎಸ್ಟಿಮೇಟಿನ ಪಕ್ಕದಲ್ಲಿ ಅವನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಹೋದರೆ ಗ್ಯಾರೇಜಿನವರ ಮುಖ ಸಪ್ಪಗಾಗುತ್ತಿತ್ತು.

ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಅದೇ ಕೆಲಸ ಮಾಡುತ್ತ ಕೂತಿದ್ದೆ. ಒಂದು ಸಣ್ಣ ಕಾರಿನ ಸ್ಟೀರಿಂಗ್ ರ್ಯಾಕ್‌ಗೆ ಗ್ಯಾರೇಜಿನವರು 27,400 ರೂಪಾಯಿ ಹಾಕಿದ್ದರು. ಸ್ಟೀರಿಂಗ್ ರ್ಯಾಕ್ ಎಂದರೆ ಕೈಯಲ್ಲಿ ಚಕ್ರ ತಿರುಗಿಸಿದ್ದನ್ನು ಮುಂದಿನ ಗಾಲಿಗಳಿಗೆ ಮುಟ್ಟಿಸುವ, ಹಲ್ಲುಗಳಿರುವ ಉಕ್ಕಿನ ದಂಡ. ಅದು ಕೈಕೊಟ್ಟರೆ ನೀವು ಚಕ್ರವನ್ನು ಎಷ್ಟು ತಿರುಗಿಸಿದರೂ ಗಾಡಿ ತನ್ನ ಪಾಡಿಗೆ ತಾನು ನೆಟ್ಟಗೆ ಹೋಗುತ್ತದೆ. ಬೆಲೆ ಹೋಲಿಸಲು ಹುಡುಕಿದೆ. ಹೊಸದು 23,800. ಬೇರೆ ಕಂಪನಿಯದು 11,500. ಬಳಸಿದ್ದು 3,800ರ ಆಸುಪಾಸು. ಬಳಸಿದ್ದರಲ್ಲಿ ಒಂದು ಮಾತ್ರ 4,200 ಇತ್ತು. ಅದಕ್ಕೇಕೆ ನಾಲ್ಕುನೂರು ಹೆಚ್ಚು ಎಂದು ಫೋಟೋ ತೆರೆದೆ.

ಮೂರನೆಯ ಫೋಟೋದಲ್ಲಿ ನನ್ನ ಕೈ ನಿಂತೇ ಹೋಯಿತು. ದಂಡದ ಕವಚದ ಮೇಲೆ ಹಳದಿ ಬಣ್ಣದ ಒಂದು ಗೆರೆ, ಅದರ ಪಕ್ಕ ಎರಡು ಅಕ್ಷರ. ಅವು ನನ್ನ ಹೆಸರಿನ ಮೊದಲಕ್ಷರಗಳು. ನಾನು ಪೇಂಟ್ ಪೆನ್ನಿನಿಂದ ನನ್ನ ಕೈಯಾರೆ ಹಾಕಿದ ಗುರುತು.

ಈ ಗುರುತಿನ ವಿಷಯ ಸ್ವಲ್ಪ ವಿವರಿಸಬೇಕು. ಒಂದು ಭಾಗ ಕೆಟ್ಟಿದೆ, ಬದಲಿಸಬೇಕು ಎಂದು ಒಪ್ಪಿದ ಮೇಲೆ ಸರ್ವೇಯರ್ ಆ ಹಳೆಯ ಭಾಗದ ಮೇಲೆ ಗುರುತು ಹಾಕುತ್ತಾನೆ. ಇಲ್ಲದಿದ್ದರೆ ಅದನ್ನೇ ತಿಂಗಳ ಮೇಲೆ ಇನ್ನೊಂದು ಗಾಡಿಯದೆಂದು ತೋರಿಸಿ ಮತ್ತೆ ದುಡ್ಡು ಕೇಳುವವರಿದ್ದಾರೆ. ಅಂದರೆ ನನ್ನ ಹಳದಿ ಗೆರೆಯ ಅರ್ಥ, ಇದು ತಿರಸ್ಕೃತ ಮಾಲು. ಅಂಥದ್ದನ್ನು ಯಾರೋ ಮಾರಾಟಕ್ಕಿಟ್ಟಿದ್ದರು. ಕೆಳಗೆ, ಸರ್ವೇಯರ್ ಚೆಕ್ ಮಾಡಿದ ಒರಿಜಿನಲ್ ಮಾಲು ಎಂದು ಬರೆದಿದ್ದರು. ಅದರ ಕೆಳಗೆ, ಮಾರಾಟವಾಗಿದೆ ಎಂದಿತ್ತು. ಮಾರಿದವರ ಹೆಸರಾಗಲಿ ನಂಬರಾಗಲಿ ಇರಲಿಲ್ಲ, ಧಾರವಾಡ ಜಿಲ್ಲೆ ಎಂದಷ್ಟೇ ಇತ್ತು.

ಈ ಮಾದರಿಯ ರ್ಯಾಕಿಗೆ ಈಚೆಗೆ ನಾನು ಗುರುತು ಹಾಕಿದ್ದು ಒಂದೇ ಒಂದಕ್ಕೆ. ಮೂರು ತಿಂಗಳ ಹಿಂದೆ ನವಲೂರಿನ ಬಳಿ ಡಿವೈಡರಿಗೆ ಗುದ್ದಿದ ಒಂದು ಕಾರಿನ ರ್ಯಾಕ್ ಅದು. ಹೊರಗೆ ನೋಡಿದರೆ ಏನೂ ಆಗಿರದ ಹಾಗಿತ್ತು, ಒಳಗಿನ ದಂಡ ಬಾಗಿತ್ತು. ಈಗ ಅದು ಧಾರವಾಡ ಜಿಲ್ಲೆಯ ಯಾವುದೋ ಗಾಡಿಯಲ್ಲಿ, ಯಾರದೋ ಹೆಂಡತಿ ಮಕ್ಕಳನ್ನು ಹೊತ್ತುಕೊಂಡು ತಿರುಗುತ್ತಿದೆ. ಕೊಂಡವರು ಯಾರೆಂದು ಮೊದಲು ಗೊತ್ತಾಗಬೇಕಿತ್ತು.

ಸಂಶಯ ಸೀದಾ ಮಹಾಂತೇಶನ ಮೇಲೆ ಹೋಯಿತು. ಆ ಕಾರು ರಿಪೇರಿಯಾದದ್ದು ಅವನ ಗ್ಯಾರೇಜಿನಲ್ಲಿ. ಹದಿನೈದು ವರ್ಷದ ಪರಿಚಯ, ಅಷ್ಟೇ ವರ್ಷದ ಜಗಳ. ಹೋದವನೇ ನಮಸ್ಕಾರವನ್ನೂ ಹೇಳದೆ ಅವನ ಗುಜರಿ ಮೂಲೆಗೆ ನುಗ್ಗಿ ಹಳೆಯ ಸಾಮಾನನ್ನೆಲ್ಲ ಕೆದಕಿದೆ. ನನ್ನ ಗುರುತಿನ ಮಾಲನ್ನು ಎಷ್ಟು ವರ್ಷದಿಂದ ಮಾರುತ್ತಿದ್ದೀ ಎಂದು ಅವನ ಕೆಲಸಗಾರರೆದುರೇ ಕೇಳಿದೆ. ಕಂಪನಿಗೆ ಬರೆದು ನಿನ್ನ ಗ್ಯಾರೇಜಿನ ಹೆಸರು ಪಟ್ಟಿಯಿಂದ ತೆಗೆಸುತ್ತೇನೆ ಎಂದೂ ಅಂದೆ. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡ. ಆಮೇಲೆ ಒಳಗೆ ಹೋಗಿ ಒಂದು ಫೈಲು ತಂದು ಬಾನೆಟ್ಟಿನ ಮೇಲಿಟ್ಟ.

"ನಾ ಏನರ ಹೇಳಿದ್ರ ನೀವು ನಂಬಂಗಿಲ್ಲ. ನಿಮ್ಮ ರಿಪೋರ್ಟನ್ನರ ನೀವು ನಂಬ್ತೀರಲ್ಲ, ಓದ್ರಿ" ಎಂದ.

ಎರಡನೆಯ ಪುಟದ ಕೊನೆಯಲ್ಲಿ ನನ್ನದೇ ಸಾಲು. ರ್ಯಾಕಿನ ಸಾಲ್ವೇಜ್ ಮೌಲ್ಯ 1,200 ರೂಪಾಯಿ, ಗ್ರಾಹಕರ ವಶಕ್ಕೆ. ಸಾಲ್ವೇಜ್ ಎಂದರೆ ಕೆಟ್ಟ ಭಾಗಕ್ಕೆ ಉಳಿದಿರುವ ಬೆಲೆ. ಗಾಡಿಯ ಮಾಲೀಕರಿಗೆ ಹೊಸ ಭಾಗದ ದುಡ್ಡು ಕೊಡುವಾಗ ಹಳೆಯದರ ಈ ಬೆಲೆಯನ್ನು ಮುರಿದುಕೊಳ್ಳುತ್ತೇವೆ, ಹಳೆಯದು ಅವರದಾಗುತ್ತದೆ. ಇದು ನಮ್ಮಲ್ಲಿ ದಿನನಿತ್ಯದ ಪದ್ಧತಿ. ಗುಜರಿಯ ಕಿಲೋ ಲೆಕ್ಕಕ್ಕೆ ಹಿಡಿದಿದ್ದರೆ ಇನ್ನೂರು ರೂಪಾಯಿಯೂ ಆಗುತ್ತಿರಲಿಲ್ಲ. ನಾನು ಕಂಪನಿಗೆ ಸಾವಿರ ಉಳಿಸಲು ಇಡೀ ರ್ಯಾಕಿಗೆ ಮತ್ತೆ ಬಳಸಬಹುದಾದ ಬಿಡಿಭಾಗದ ಬೆಲೆ ಕಟ್ಟಿದ್ದೆ. ಫೈಲು ಮುಚ್ಚಿ ಹೊರಟೆ. ಮಹಾಂತೇಶನ ಕ್ಷಮೆ ಕೇಳಲಿಲ್ಲ, ಅದಕ್ಕೂ ಸಂಶಯವೇ ಅಡ್ಡ ಬಂತು, ಅವನೂ ಗಾಡಿಯ ಮಾಲೀಕರೂ ಸೇರಿ ಮಾಡಿದ್ದರೆ ಎಂದು.

ಗಾಡಿಯ ಮಾಲೀಕರು ಗಂಗಾಧರಪ್ಪ, ಧಾರವಾಡದ ಮಾಳಮಡ್ಡಿಯಲ್ಲಿ ಮನೆ. ನಲವತ್ತು ವರ್ಷ ಹತ್ತಿ ವ್ಯಾಪಾರ ಮಾಡಿ ಈಗ ಮನೆಯಲ್ಲಿರುವವರು. ನಾನು ಮುಟ್ಟುವಾಗ ಮಧ್ಯಾಹ್ನ ಎರಡಾಗಿತ್ತು. ನನ್ನನ್ನು ಕಂಡು ಸಂತೋಷದಿಂದ ಒಳಗೆ ಕರೆದರು, ಚಹಾ ಮಾಡಿಸಿದರು. ರ್ಯಾಕ್ ಮಾರಿದಿರೇನು ಎಂದು ಕೇಳಿದರೆ ಮುಚ್ಚಿಡಲೇ ಇಲ್ಲ. ಎಂಟು ಕಡೆ ರೇಟು ನೋಡಿ, ತಮ್ಮದಕ್ಕೆ ಸರ್ವೇಯರ್ ಗುರುತು ಇದೆಯೆಂದು ನಾಲ್ಕುನೂರು ಮೇಲಿಟ್ಟು ಮಾರಿದೆನೆಂದು, ಒಳ್ಳೆಯ ವ್ಯಾಪಾರ ಮಾಡಿದವರ ಗೆಲುವಿನಲ್ಲಿ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಕೆಟ್ಟದ್ದೆಂದು ಗೊತ್ತಿದ್ದೂ ಹೇಗೆ ಮಾರಿದಿರಿ ಎಂದು ದನಿ ಎತ್ತಿದೆ.

ಅವರು ಚಹಾದ ಬಟ್ಟಲು ಕೆಳಗಿಟ್ಟರು.

"ಕೆಲಸಕ್ಕ ಬರದ ಮಾಲಿಗೆ ಯಾರೂ ರೇಟ್ ಕಟ್ಟಂಗಿಲ್ರಿ. ನೀವು ಅದಕ್ಕ ನನ್ನ ಕಡೆ ಹನ್ನೆರಡು ನೂರು ಹಿಡಕೊಂಡ್ರಿ. ಅದು ಹಾಳಾಗಿದ್ರ ಆ ರೊಕ್ಕ ಯಾತರದು?"

ಒಳಗಿನ ದಂಡ ಬಾಗಿದೆ, ಓಡುವಾಗ ಮುರಿಯಬಹುದು ಎಂದು ಬಿಡಿಸಿ ಹೇಳಿದೆ. ಅವರ ಮುಖ ಇಳಿದುಹೋಯಿತು. ಕೊಂಡವರು ಅಮ್ಮಿನಬಾವಿಯ ಸುಜಾತಾ ಎಂಬ ಗಣಿತದ ಶಿಕ್ಷಕಿ, ಊರಿಂದ ಧಾರವಾಡದ ಶಾಲೆಗೆ ದಿನಾ ಕಾರಿನಲ್ಲಿ ಬರುತ್ತಾರೆ, ಶಾಲೆ ಇಲ್ಲೇ ಹತ್ತಿರವೆಂದು ನಡೆದುಕೊಂಡೇ ಬಂದು ನೋಡಿ ಹೋಗಿದ್ದರು ಎಂದು ಹೇಳಿ ನಂಬರ್ ಕೊಟ್ಟರು.

ಫೋನ್ ಮಾಡಿದೆ. ಮೇಡಂ, ನೀವು ಈಗಿನಿಂದ ನಿಮ್ಮ ಕಾರು ಓಡಿಸಬೇಡಿ ಎಂದು ಶುರುಮಾಡಿದ್ದೇ ತಪ್ಪಾಯಿತು. ಪರಿಚಯವಿಲ್ಲದ ಗಂಡಸಿನ ದನಿ, ಅಪಾಯ ಎನ್ನುವ ಮಾತು, ಆನ್‌ಲೈನ್ ಖರೀದಿ. ನಾನಾದರೂ ನಂಬುತ್ತಿದ್ದೆನೇ? ಆಕೆ ನಿಧಾನವಾಗಿ, "ಮುಂದ ಏನು, ಒಟಿಪಿ ಹೇಳ್ರಿ ಅಂತೀರೇನು?" ಎಂದು ಕೇಳಿ ಫೋನ್ ಇಟ್ಟರು. ಮತ್ತೆ ಮಾಡಿದರೆ ಕರೆ ಹೋಗಲೇ ಇಲ್ಲ, ನನ್ನ ನಂಬರ್ ಬ್ಲಾಕ್ ಮಾಡಿದ್ದರು. ಗಂಗಾಧರಪ್ಪ ತಮ್ಮ ಫೋನಿನಿಂದ ಮಾಡಿದರು. ಮಾಲು ವಾಪಸು ಕೊಡಿ, ದುಡ್ಡು ಪೂರಾ ಕೊಡುತ್ತೇನೆ ಎಂದರು. ಯಾರೋ ಹೆಚ್ಚಿನ ರೇಟು ಕೊಡುತ್ತೇನೆ ಎಂದಿರಬೇಕು, ಅದಕ್ಕೇ ಈ ನಾಟಕ ಎಂದು ಆಕೆಗೆ ಖಾತ್ರಿಯಾಯಿತು. ಕೊಟ್ಟ ಮಾಲು ವಾಪಸು ಕೇಳುವ ವ್ಯಾಪಾರಿಯನ್ನು ನಾನೆಲ್ಲೂ ನೋಡಿಲ್ಲ ಎಂದು ಅವರ ಫೋನನ್ನೂ ಇಟ್ಟರು. ವ್ಯಾಪಾರದಲ್ಲಿ ಯಾರೂ ತಮ್ಮ ಮಾತನ್ನು ಅನುಮಾನಿಸಿರದ ಆ ಹಿರಿಯರ ಕಣ್ಣು ಒದ್ದೆಯಾಯಿತು.

ಶಾಲೆ ಬಿಡುವುದು ನಾಲ್ಕೂವರೆಗೆ. ನಾವಿಬ್ಬರೂ ಮೂರೂವರೆಗೇ ಗೇಟಿನ ಬಳಿ ನಿಂತೆವು. ಹೆಣ್ಣುಮಕ್ಕಳ ಶಾಲೆ, ಸಿಪಾಯಿ ಒಳಗೆ ಬಿಡಲಿಲ್ಲ. ಬಿಡದಿದ್ದದ್ದು ಸರಿಯೇ. ಚೀಟಿ ಬರೆದುಕೊಟ್ಟರೆ ಅದನ್ನು ಓದಿ ಜೇಬಿಗಿಟ್ಟುಕೊಂಡ. ಕಂಪೌಂಡಿನ ಒಳಗೆ ಬೇವಿನ ಗಿಡದ ಕೆಳಗೆ ಅದೇ ಮಾದರಿಯ, ಬಿಳಿ ಬಣ್ಣದ, ಹನ್ನೆರಡು ವರ್ಷ ಹಳೆಯದಾದರೂ ಲಕಲಕ ತೊಳೆದಿಟ್ಟ ಕಾರು ಕಾಣುತ್ತಿತ್ತು. ಆ ಒಂದು ಗಂಟೆ ನಾನು ಅದನ್ನೇ ನೋಡುತ್ತಿದ್ದೆ.

ಗಂಟೆ ಹೊಡೆದ ಮೇಲೆ ಸುಜಾತಾ ಮೇಡಂ ಬಂದರು. ಜೊತೆಗೆ ಇನ್ನೂ ಮೂವರು ಶಿಕ್ಷಕಿಯರು, ದಿನವೂ ಅದೇ ಕಾರಿನಲ್ಲಿ ಹೋಗುವವರು. ಕಾರು ಗೇಟು ದಾಟುವಾಗ ನಾನು ಎರಡೂ ಕೈ ಅಗಲಿಸಿ ಅಡ್ಡ ನಿಂತೆ. ಐವತ್ತೆಂಟು ವಯಸ್ಸಿನ ಮನುಷ್ಯ ಹಾಗೆ ನಿಂತದ್ದನ್ನು ಹುಡುಗಿಯರು ಗುಂಪುಗೂಡಿ ನೋಡಿದರು. ಗುರುತಿನ ಚೀಟಿ ತೋರಿಸಿದೆ. ಇಂಥದ್ದನ್ನು ಐವತ್ತು ರೂಪಾಯಿಗೆ ಮಾಡಿಕೊಡುತ್ತಾರೆ ಎಂದು ಮೇಡಂ ಅಂದರು. ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಗುರುತಿನ ಜೊತೆ ಕವಚದ ಅಡಿಭಾಗದಲ್ಲಿ ತಾರೀಖು ಬರೆಯುವುದು ನನ್ನ ರೂಢಿ, ಅದು ಜಾಹೀರಾತಿನ ಫೋಟೋದಲ್ಲಿ ಕಾಣುತ್ತಿರಲಿಲ್ಲ. ಅಡಿಯಲ್ಲಿ ನವೆಂಬರ್ ಹದಿನಾಲ್ಕು ಎಂದಿದೆ, ಹೌದೋ ಅಲ್ಲವೋ ನೋಡಿ ಎಂದೆ. ಕೊಳ್ಳುವಾಗ ಎಲ್ಲ ದಿಕ್ಕಿನಿಂದ ಫೋಟೋ ತೆಗೆದುಕೊಂಡಿದ್ದ ಆಕೆ ಮೊಬೈಲು ತೆರೆದು ನೋಡಿದರು. ಸುಮ್ಮನೆ ಎಂಜಿನ್ ಆರಿಸಿ ಕೆಳಗಿಳಿದರು. ತಿರುವಿನಲ್ಲಿ ಚಕ್ರ ಎರಡು ವಾರದಿಂದ ಹಿಡಿದ ಹಾಗಾಗುತ್ತಿದೆ, ಹೊಸದಾಗಿ ಕೂಡಿಸಿದ್ದಕ್ಕೆ ಬಿಗಿ ಇರಬೇಕು ಅಂದುಕೊಂಡಿದ್ದೆ ಎಂದರು. ಅವರನ್ನು ಊರಿನ ಬಸ್ಸಿಗೆ ಹತ್ತಿಸಿ ಕಾರನ್ನು ಟೋ ಮಾಡಿಸಿಕೊಂಡು ಮಹಾಂತೇಶನಲ್ಲಿಗೆ ಒಯ್ದೆ. ಅವನು ಬೆಳಗಿನ ಮಾತು ಎತ್ತಲಿಲ್ಲ. ನಾನೇ ಎತ್ತಿ ತಪ್ಪಾಯಿತು ಎಂದೆ.

ಬುಧವಾರ ಬೆಳಿಗ್ಗೆ ಸುಜಾತಾ ಮೇಡಂ ರಜೆ ಹಾಕಿ ಗ್ಯಾರೇಜಿಗೆ ಬಂದರು, ತಮ್ಮ ಕಣ್ಣೆದುರೇ ಬಿಚ್ಚಬೇಕೆಂದು. ಕೈಯಲ್ಲಿ ಚೌಕುಳಿ ನೋಟ್‌ಬುಕ್ ಇತ್ತು. ಹತ್ತು ದಿನ ಕೂತು ಹನ್ನೊಂದು ಕಡೆಯ ಬೆಲೆಯನ್ನು ಗೆರೆ ಎಳೆದು ಬರೆದಿದ್ದರು. ಹೊಸದು ತಮ್ಮ ಕೈಗೆ ಎಟುಕದು, ಅಗ್ಗದ್ದರಲ್ಲಿ ನಂಬಿಕೆಯಿಲ್ಲ, ಹಾಗಾಗಿ ಬಳಸಿದ್ದರಲ್ಲೇ ದುಬಾರಿಯಾದದ್ದನ್ನು ಆರಿಸಿದ್ದರು. ನಾನು ಮಾಡುವುದಕ್ಕಿಂತ ಅಚ್ಚುಕಟ್ಟಾದ ಹೋಲಿಕೆ ಅದು. ಎಲ್ಲವನ್ನೂ ಸಂಶಯದಿಂದ ನೋಡಿದ್ದ ಆಕೆ ಒಂದನ್ನು ಮಾತ್ರ ನಂಬಿದ್ದರು.

ಮಹಾಂತೇಶ ದಂಡವನ್ನು ಹೊರತೆಗೆದು, ಒರೆಸಿ, ದಪ್ಪ ಗಾಜಿನ ಹಲಗೆಯ ಮೇಲೆ ಉರುಳಿಸಿದ. ನೆಟ್ಟಗಿದ್ದರೆ ಅದು ಸದ್ದಿಲ್ಲದೆ ಉರುಳಬೇಕು. ಇದು ಟಕ್ ಟಕ್ ಎಂದು ಎದ್ದು ಬಿದ್ದು ಹೋಯಿತು. ಬಗ್ಗಿದ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಮೇಡಂ ಅದರ ಮೇಲೆ ಉಗುರು ಆಡಿಸಿ ನೋಡಿದರು.

"ನಾ ನಾಕನೂರು ಹೆಚ್ಚು ಕೊಟ್ಟದ್ದು ನಿಮ್ಮ ಗುರುತು ನೋಡಿ. ಇದು ಕೆಟ್ಟೈತಿ ಅಂತ ಅದರ ಮ್ಯಾಲೆನ ಯಾಕ ಬರೀಲಿಲ್ರಿ ನೀವು? ಕತ್ತರಿಸಿ ಯಾಕ ಒಗೀಲಿಲ್ಲ?"

ನಾನು ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ಜನರಿಗೆ ಪ್ರಶ್ನೆ ಕೇಳಿದವನು. ಸುಳ್ಳು ಉತ್ತರಗಳೆಲ್ಲ ನನಗೆ ಬಾಯಿಪಾಠ. ಆಕೆಗೆ ಅವುಗಳಲ್ಲಿ ಯಾವುದನ್ನೂ ಹೇಳಲಿಲ್ಲ.

"ಕತ್ತರಿಸಿದ್ರ ಅದಕ್ಕ ಬೆಲಿ ಬರ್ತಿರಲಿಲ್ರಿ" ಎಂದೆ.

ಆಕೆ ಬಯ್ಯಲಿಲ್ಲ. ಜೊತೆಗೆ ಬರುವ ಮೂವರ ಹೆಸರನ್ನು ಒಂದೊಂದಾಗಿ ಹೇಳಿದರು. ಒಬ್ಬಾಕೆಗೆ ಆರು ತಿಂಗಳು ಎಂದರು. ಅಷ್ಟೇ ಹೇಳಿ ನೋಟ್‌ಬುಕ್ ಚೀಲಕ್ಕಿಟ್ಟುಕೊಂಡರು. ನಾನು ಅಲ್ಲೇ ಟಯರಿನ ಮೇಲೆ ಕೂತೆ.

ಗಂಗಾಧರಪ್ಪ 4,200 ರೂಪಾಯಿ ವಾಪಸು ಕೊಟ್ಟರು. ಹೊಸ ರ್ಯಾಕಿನ ಉಳಿದ ಹಣ ನಾನು ಹಾಕಿದೆ. ಮೇಡಂ ಮೊದಲು ಬೇಡವೆಂದರು, ಆಮೇಲೆ ಅದು ದಾನವಲ್ಲವೆಂದು ಅವರಿಗೂ ಅನ್ನಿಸಿರಬೇಕು, ಒಪ್ಪಿದರು. ನಡೆದದ್ದನ್ನೆಲ್ಲ ಬರೆದು ವಿಮಾ ಕಂಪನಿಗೆ ಕಳಿಸಿದೆ. ನಿಯಮ ಮೀರಿಲ್ಲ, ಆದ್ದರಿಂದ ತಪ್ಪಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಆ ಉತ್ತರ ಓದಿ ನನಗೆ ಸಮಾಧಾನವಾಗಲಿಲ್ಲ, ಹೇಸಿಕೆಯಾಯಿತು.

ಇಷ್ಟು ವರ್ಷ ನನ್ನ ಸಂಶಯವೆಲ್ಲ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೇ ಇತ್ತು. ಕೆಟ್ಟ ಸಾಮಾನು ನನ್ನ ಕೈ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ, ಯಾರ ಕೈ ಸೇರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಈಗ ನನಗೆ ಕೆಲಸ ಕಡಿಮೆ, ವಾರಕ್ಕೊಂದೆರಡು ಸರ್ವೇ ಅಷ್ಟೇ. ಸ್ಟೀರಿಂಗಿನದಾಗಲಿ ಬ್ರೇಕಿನದಾಗಲಿ ಹಳೆಯ ಭಾಗವನ್ನು ನನ್ನೆದುರು ಕಟರ್ ಹಚ್ಚಿ ಎರಡು ತುಂಡು ಮಾಡುವವರೆಗೆ ನಾನು ಗ್ಯಾರೇಜು ಬಿಡುವುದಿಲ್ಲ. ವರದಿಯಲ್ಲಿ ಸಾಲ್ವೇಜ್ ಮೌಲ್ಯದ ಜಾಗದಲ್ಲಿ ಸೊನ್ನೆ ಬರೆಯುತ್ತೇನೆ. ಹೋದ ತಿಂಗಳು ಕಂಪನಿಯ ಹೊಸ ಅಧಿಕಾರಿಯೊಬ್ಬರು ಫೋನ್ ಮಾಡಿ, ಎಲ್ಲ ಸರ್ವೇಯರುಗಳೂ ಸಾಲ್ವೇಜ್ ಎಂದು ಏನಾದರೂ ಹಿಡಿಯುತ್ತಾರೆ, ನಿಮ್ಮ ವರದಿಯಲ್ಲಿ ಮಾತ್ರ ಯಾವಾಗಲೂ ಸೊನ್ನೆ, ಗ್ಯಾರೇಜಿನವರ ಜೊತೆ ಏನಾದರೂ ಒಳಒಪ್ಪಂದವೇ ಎಂದು ಕೇಳಿದರು. ಅವರು ಸಂಶಯಪಟ್ಟದ್ದಕ್ಕೆ ನನಗೆ ಬೇಸರವಾಗಲಿಲ್ಲ. ಒಮ್ಮೆ ಗ್ಯಾರೇಜಿಗೆ ಬಂದು ತುಂಡುಗಳನ್ನು ನೋಡಿ ಹೋಗಿ ಎಂದು ಕರೆದಿದ್ದೇನೆ.